ಬೀಗಿತ್ತಿಯ ಗೇಣು

ಶನಿವಾರ, ಮಾರ್ಚ್ ೧೪. ರಾತ್ರಿ ಒಂಬತ್ತೂವರೆ. ಇಡೀ ದಿನ ಎರಡು ದಿಂಬಿನ ಕವರು ಮಾತ್ರ ಹೊಲಿದೆ. ಕೈ ಓಡಲಿಲ್ಲ.

ಬೆಳಿಗ್ಗೆ ಅಳಿಯ ಫೋನ್ ಮಾಡಿದ್ದ. ಮೊಮ್ಮಗಳ ಶಾಲೆಗೆ ಇನ್ನು ಮೇಲೆ ಬೇಸಿಗೆಯ ಎರಡು ತಿಂಗಳ ರಜೆ ಇಲ್ಲವಂತೆ. ವರ್ಷವಿಡೀ ಪಾಠ, ನಡುನಡುವೆ ಒಂದೊಂದು ವಾರ ಬಿಡುವು. ಉದ್ದ ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರಂತೆ. ಇರಬಹುದು. ಹೋದ ವರ್ಷ ಇಲ್ಲಿಂದ ಹೊರಡುವಾಗ ಪುಟ್ಟಿ ಏಳರ ಮಗ್ಗಿ ಮರೆತಿದ್ದಳು, ನಿಜ.

ಮಗಳು ತೀರಿಕೊಂಡ ಮೇಲೆ ಆ ಎರಡು ತಿಂಗಳೇ ನನ್ನ ಪಾಲು. ಉಳಿದ ಹತ್ತು ಬೀಗಿತ್ತಿಯದು. ಈಗ ಹನ್ನೆರಡೂ ಅವರದೇ.

ಪ್ರತಿ ಬೇಸಿಗೆಯಲ್ಲಿ ಪುಟ್ಟಿಯನ್ನು ಈ ಮೇಜಿನ ಮೇಲೆ ನಿಲ್ಲಿಸಿ, ಅಳತೆ ತೆಗೆದು, ಸಮವಸ್ತ್ರ ಹೊಲಿಯುತ್ತಿದ್ದೆ. ಈ ಸಲ ಫೋನಿನಲ್ಲೇ ಬೀಗಿತ್ತಿಯನ್ನು ಅಳತೆ ಕೇಳಿದೆ.

"ಟೇಪೆಲ್ಲ ಯಾಕ್ರೀ? ಸ್ಕರ್ಟು ನನ್ನ ಕೈಯಲ್ಲಿ ಸರಿಯಾಗಿ ಎರಡೂವರೆ ಗೇಣು, ಬರ್ಕೊಳ್ಳಿ. ದಿನಾ ಜಡೆ ಹಾಕೋಳು ನಾನು, ನಂಗೆ ಗೊತ್ತಾಗಲ್ವಾ?" ಎಂದು ನಕ್ಕರು.

ಬರೆದುಕೊಂಡೆ, ಪೆದ್ದಿಯ ಹಾಗೆ. ಕತ್ತರಿ ಹಿಡಿದಾಗ ಹೊಳೆಯಿತು: ಅವರ ಗೇಣು ಎಷ್ಟುದ್ದವೆಂದು ನನಗೇನು ಗೊತ್ತು? ದಿನಾ ಪುಟ್ಟಿಯ ತಲೆ ಬಾಚುವ ಆ ಕೈ ದೊಡ್ಡದೋ, ಚಿಕ್ಕದೋ? ಹೊಟ್ಟೆ ಉರಿದುಹೋಯಿತು. ಒಳ್ಳೆಯ ಹೆಂಗಸೇ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಇರುತ್ತಿದ್ದೆ. ಪುಟ್ಟಿಗೆ ನನ್ನ ಮಗಳ ಕಣ್ಣೇ ಬಂದಿದೆ. ಅದನ್ನು ದಿನವೂ ಬೆಳಿಗ್ಗೆ ನೋಡುವವರು ಅವರು.

ಬಟ್ಟೆ ಕತ್ತರಿಸಲಿಲ್ಲ. ಟೇಪು ಸುತ್ತಿ ಚೀಲಕ್ಕೆ ಹಾಕಿದ್ದೇನೆ. ನಾಳೆ ಭಾನುವಾರ. ಮೊದಲ ಬಸ್ಸು ಆರೂವರೆಗೆ.