ಮೂರು ಸೆಂಟಿಮೀಟರ್

ಮಾರ್ಚ್ 3, ಸೋಮವಾರ

ಎಂಟು ಸುತ್ತು ಓಟ, ಆಮೇಲೆ ಜಿಮ್. ಎಡ ಮಂಡಿ ಪರವಾಗಿಲ್ಲ. ಐಸ್ ಇಟ್ಟುಕೊಂಡು ಕುಳಿತಿದ್ದಾಗ ಟೀಮ್ ಡಾಕ್ಟರಮ್ಮ ಕರೆದರು. ಬಾಗಿಲು ಹಾಕಿ, ಸ್ಕೇಲ್ ತೆಗೆದು ನೆತ್ತಿಯ ಕೂದಲು ಅಳೆದರು. ನಾಲ್ಕೂವರೆ ಸೆಂಟಿಮೀಟರ್. ಪಾಸ್.

ನಿಯಮ ಬರೆದಿಟ್ಟುಕೊಳ್ಳುತ್ತೇನೆ, ತಲೆಯಲ್ಲಿ ನಿಲ್ಲಲಿ. ಡ್ರಗ್ಸ್ ಪರೀಕ್ಷೆಯಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ದಂಡ, ಕೌನ್ಸೆಲಿಂಗ್. ಲೀಗಿನವರು ಮತ್ತು ಡಾಕ್ಟರಮ್ಮ ಬಿಟ್ಟು ಯಾರಿಗೂ ತಿಳಿಯುವುದಿಲ್ಲ, ಕೋಚ್‌ಗೂ ಇಲ್ಲ. ಎರಡನೇ ಸಲ ಆರು ಪಂದ್ಯ ಹೊರಗೆ, ಪೇಪರಿನಲ್ಲಿ ಹೆಸರು. ಮೂರನೇ ಸಲ ಎರಡು ವರ್ಷ ಮನೆಯಲ್ಲಿ. ಮೂವತ್ತೊಂದರ ವಯಸ್ಸಿನ ಫುಟ್‌ಬಾಲ್ ಡಿಫೆಂಡರ್‌ಗೆ ಎರಡು ವರ್ಷವೆಂದರೆ ಮುಗಿದ ಹಾಗೆಯೇ. ಹುಡುಗರು ಇದನ್ನು 'ಗೆರೆ' ಎನ್ನುತ್ತಾರೆ. ಡಿಸೆಂಬರಿನಿಂದ ನನಗೆ ಒಂದು ಗೆರೆ. ಯಾರದೋ ಪಾರ್ಟಿ, ಯಾರದೋ ಬಾತ್‌ರೂಮ್, ಎರಡು ನಿಮಿಷದ ಶೋಕಿ. ಗೆರೆ ಬಿದ್ದವನು ಒಂದು ವರ್ಷ ಕನಿಷ್ಠ ಮೂರು ಸೆಂಟಿಮೀಟರ್ ಕೂದಲು ಬಿಟ್ಟಿರಬೇಕು. ಯಾವ ದಿನ ಬೇಕಾದರೂ ಬಂದು ಒಂದು ಚಿಕ್ಕ ಕುಚ್ಚು ಕತ್ತರಿಸಿಕೊಂಡು ಹೋಗುತ್ತಾರೆ, ಪರೀಕ್ಷೆಗೆ. ಬೋಳಿಸಿಕೊಂಡರೆ ತಪ್ಪಿಸಿಕೊಂಡ ಲೆಕ್ಕ—ಎರಡನೇ ಗೆರೆ.

ಇವಳಿಗೆ ಹೇಳಿಲ್ಲ. ಹೇಳುವ ಧೈರ್ಯವೂ ಇಲ್ಲ. ಮದುವೆಗೆ ಮೊದಲೇ ಷರತ್ತು ಹಾಕಿದ್ದಳು—ಸೋಲಿ, ಕೆಲಸ ಕಳೆದುಕೊಳ್ಳಿ, ಏನಾದರೂ ಸಹಿಸುತ್ತೇನೆ, ಅದೊಂದನ್ನು ಬಿಟ್ಟು. ಅವಳ ತಮ್ಮ ವ್ಯಸನಮುಕ್ತಿ ಕೇಂದ್ರದಲ್ಲಿದ್ದಾನೆ. ಇದು ಮೂರನೇ ಸಲ.

ಮಾರ್ಚ್ 6, ಗುರುವಾರ

ಮಾವ ಟೋಪಿ ಹಾಕಿಕೊಂಡು ಬಂದ. ಯಾರ ಮಾವನೂ ಅಲ್ಲ, ಎಲ್ಲರ ಮಾವ. ಜೆರ್ಸಿ ಒಗೆದು, ಬೂಟು ಒರೆಸಿ, ಇಪ್ಪತ್ತಮೂರು ಜನರ ಸಾಕ್ಸ್ ಜೋಡಿ ತಪ್ಪದಂತೆ ಇಡುವವನು. ಹದಿನೆಂಟು ವರ್ಷದ ಸರ್ವೀಸ್. ಕ್ಯಾನ್ಸರ್ ಔಷಧಿ ಶುರುವಾಗಿ ಆರು ವಾರ ಆಯಿತು. ಟೋಪಿ ತೆಗೆದ, ತಲೆ ನುಣ್ಣಗೆ. ಜೇಬಿನಿಂದ ಬಾಚಣಿಗೆ ತೆಗೆದು, ಯಾರಿಗಾದರೂ ಬೇಕಾ ಎಂದು ಕೇಳಿದ. ಯಾರೂ ನಗಲಿಲ್ಲ. ಅವನೊಬ್ಬನೇ ನಕ್ಕ.

ಕ್ಯಾಪ್ಟನ್ ಬೆಂಚ್ ಹತ್ತಿ ನಿಂತು ಘೋಷಿಸಿದ: ಇಪ್ಪತ್ತೆರಡನೇ ತಾರೀಖಿನ ಪಂದ್ಯದ ಬೆಳಿಗ್ಗೆ ಇಡೀ ಟೀಮ್ ತಲೆ ಬೋಳಿಸಿಕೊಳ್ಳುವುದು. ಮೆಷಿನ್ ಹಿಡಿಯುವವನು ಮಾವ. ಭರ್ಜರಿ ಚಪ್ಪಾಳೆ. ನಾನೂ ತಟ್ಟಿದೆ. ತಟ್ಟುತ್ತಾ ಇದ್ದಾಗಲೇ ಹೊಳೆಯಿತು. ಕೈ ನಿಲ್ಲಿಸಿದರೆ ಕಾಣುತ್ತದೆಂದು ಎಲ್ಲರಿಗಿಂತ ಕೊನೆಗೆ ನಿಲ್ಲಿಸಿದೆ.

ಮಾರ್ಚ್ 7

ಡಾಕ್ಟರಮ್ಮನನ್ನು ಕೇಳಿದೆ. ಇವತ್ತೇ ಕೂದಲು ಕೊಡುತ್ತೇನೆ, ಪರೀಕ್ಷೆ ಮಾಡಲಿ, ಆಮೇಲೆ ಬೋಳಿಸಿಕೊಳ್ಳುತ್ತೇನೆ, ಆಗದೇ? ಲೀಗಿಗೆ ಬರೆದು ಕೇಳುತ್ತೇನೆ ಎಂದರು. ನನ್ನ ಹಾಗೆ ಇನ್ಯಾರಾದರೂ ಕೇಳಿದರೇ ಎಂದೆ. ಪೆನ್ನಿನ ಮುಚ್ಚಳ ಹಾಕಿ, ಮಂಡಿ ಹೇಗಿದೆ ಎಂದು ಕೇಳಿದರು.

ಮಾರ್ಚ್ 9, ಭಾನುವಾರ

ಇವಳು ತಮ್ಮನನ್ನು ನೋಡಿಕೊಂಡು ಬಂದಳು. ದಪ್ಪ ಆಗಿದ್ದಾನಂತೆ. ಕೂದಲು ಕಿವಿ ಮುಚ್ಚುವಷ್ಟು ಬೆಳೆದಿದೆಯಂತೆ. ಅಲ್ಲಿ ಕತ್ತರಿಸಲು ಬಿಡುವುದಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ. ಅವಳೇ ಹೇಳಿದಳು: ಕೂದಲಿನಲ್ಲಿ ಮೂರು ತಿಂಗಳ ಹಿಂದಿನದೂ ಗೊತ್ತಾಗುತ್ತದೆ, ಮೊದಲ ಸಲ ಸೇರಿಸಿದಾಗ ಅದಕ್ಕೇ ಬೋಳಿಸಿಕೊಂಡು ಮೋಸ ಮಾಡಿದ್ದ. ಹೌದಾ ಎಂದೆ. ತಟ್ಟೆಯಲ್ಲಿದ್ದದ್ದನ್ನೆಲ್ಲ ತಿಂದೆ. ಏನು ತಿಂದೆನೋ ದೇವರಿಗೇ ಗೊತ್ತು.

ಮಾರ್ಚ್ 14

ಲೀಗಿನ ಉತ್ತರ ಬಂತು, ಎರಡೇ ಸಾಲು. ಪರೀಕ್ಷೆಯ ದಿನ ಆರಿಸುವುದು ಲೀಗ್, ಆಟಗಾರನಲ್ಲ. ವಿನಾಯಿತಿ ಇಲ್ಲ.

ಸರಿ. ಬೋಳಿಸಿಕೊಂಡರೆ ಎರಡನೇ ಗೆರೆ, ಪೇಪರಿನಲ್ಲಿ ಹೆಸರು, ಇವಳು ಓದುತ್ತಾಳೆ. ಬೋಳಿಸಿಕೊಳ್ಳದಿದ್ದರೆ ಟೀಮಿನ ಕಣ್ಣಲ್ಲಿ ಕಸ. ಕಸವಾಗುವುದೇ ವಾಸಿ ಅನ್ನಿಸಿತು. ಪ್ರಾಕ್ಟೀಸ್ ಮುಗಿದ ಮೇಲೆ ಕ್ಯಾಪ್ಟನ್ ಬಳಿ ಹೋಗಿ ಚರ್ಮದ ಅಲರ್ಜಿ ಎಂದೆ. ಅವನು ನನ್ನ ನುಣ್ಣಗೆ ಗಡ್ಡ ಬೋಳಿಸಿದ ಕೆನ್ನೆ ನೋಡಿದ. ದಿನಾ ಬ್ಲೇಡ್ ಓಡಿಸುತ್ತೇನೆ, ಅದು ನೆನಪೇ ಇರಲಿಲ್ಲ. ಸುಳ್ಳು ಹೇಳುವುದಕ್ಕೂ ಒಂದು ಪ್ರಾಕ್ಟೀಸ್ ಬೇಕು.

ಮಾರ್ಚ್ 18

ನಾಲ್ಕು ದಿನದಿಂದ ನನ್ನ ಹೆಸರು 'ಹೀರೋ'. ಹೀರೋಗೆ ಕನ್ನಡಿ ಕೊಡ್ರಪ್ಪಾ. ಹೀರೋ ಹೆಡರ್ ಹೊಡೆಯಲ್ಲ, ಕ್ರಾಪ್ ಕೆಡತ್ತೆ. ನಗಾಡಿದೆ. ಇನ್ನೇನು ಮಾಡಲಿ.

ಮಧ್ಯಾಹ್ನ ಮಾವ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಬಂದು ಪಕ್ಕದಲ್ಲಿ ಕುಳಿತ. ಏದುಸಿರು. ಒಂದಷ್ಟು ಹೊತ್ತು ಸಾಕ್ಸ್ ಮಡಚಿದ.

"ನಿನ್ನ ಕೂದ್ಲು ನಿಂದು ಕಣಪ್ಪ. ನಾನೇನು ಕೇಳಿದ್ನಾ? ಕೇಳಿದ್ದು ಕ್ಯಾಪ್ಟನ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೂಟಿನ ಲೇಸ್ ಕಟ್ಟಿದೆ, ಬಿಚ್ಚಿದೆ, ಮತ್ತೆ ಕಟ್ಟಿದೆ. ಇವನಿಗೆ ಹೇಳಿಬಿಡೋಣ ಅನ್ನಿಸಿತು, ಬಾಯಿ ಬಿಡುವವನಲ್ಲ. ಅಷ್ಟರಲ್ಲಿ ಬುಟ್ಟಿ ಎತ್ತಿಕೊಂಡು ಹೊರಟ. ನಾಚಿಕೆಯಾಗುತ್ತಿದೆ. ನಿಜವಾಗಿ ನಾಚಿಕೆಯಾಗುತ್ತಿದೆ.

ಮಾರ್ಚ್ 22, ಶನಿವಾರ, ಬೆಳಿಗ್ಗೆ 11

ಡ್ರೆಸ್ಸಿಂಗ್ ರೂಮಿನ ನೆಲದ ತುಂಬ ಕೂದಲು. ನಡುವೆ ಪ್ಲಾಸ್ಟಿಕ್ ಕುರ್ಚಿ, ಮೆಷಿನ್ ಹಿಡಿದ ಮಾವ. ಕ್ಯಾಪ್ಟನ್ ಮೊದಲು. ಆಮೇಲೆ ಗೋಲ್‌ಕೀಪರ್—ಅವನ ತಲೆಯ ಆಕಾರ ನೋಡಿ ಎಲ್ಲರೂ ಬಿದ್ದು ಬಿದ್ದು ನಕ್ಕರು. ಮಾವ ಆಗಾಗ ನಿಲ್ಲಿಸಿ ಸುಧಾರಿಸಿಕೊಳ್ಳುತ್ತಿದ್ದ, ಆದರೂ ಒಬ್ಬರಿಗೂ ಗಾಯ ಮಾಡಲಿಲ್ಲ.

ನಾನು ಮೂಲೆಯಲ್ಲಿ ಮಂಡಿಗೆ ಪಟ್ಟಿ ಸುತ್ತುತ್ತಿದ್ದೆ. ಕಡ್ಡಿಯ ಸರದಿ ಬಂತು. ಕಡ್ಡಿ ನಮ್ಮ ವಿಂಗರ್, ನನ್ನನ್ನು ಹೀರೋ ಎಂದು ಮೊದಲು ಕರೆದವನೇ ಅವನು. ಎದ್ದ, ಕುರ್ಚಿವರೆಗೆ ಬಂದ. ಮುಂದಿನ ವಾರ ಅಕ್ಕನ ಮದುವೆ, ಫೋಟೋ ಇದೆ, ಬೇಡ ಮಾವ ಎಂದ. ಅವನಿಗಿರುವ ಒಬ್ಬಳೇ ಅಕ್ಕನಿಗೆ ಮದುವೆಯಾಗಿ ಎರಡು ಮಕ್ಕಳು. ನಾವೆಲ್ಲ ನೋಡಿದ್ದೇವೆ.

ಆಮೇಲೆ ಸಾಧು. ಕಾಫಿಯನ್ನೂ ಮುಟ್ಟದ ಸಾಧು, ಜೂನಿಯರ್‌ಗಳಿಗೆ ಡ್ರಗ್ಸ್ ವಿರುದ್ಧ ಭಾಷಣ ಮಾಡಲು ಕ್ಲಬ್ ಕಳಿಸುವ ಸಾಧು. ನೆಲ ನೋಡುತ್ತಾ, ನನಗೆ ಬೇಡ ಎಂದ. ಕಾರಣವನ್ನೂ ಹೇಳಲಿಲ್ಲ.

ಮೂವರೂ ಒಬ್ಬರನ್ನೊಬ್ಬರು ನೋಡಿದೆವು. ಅಷ್ಟೇ ಸಾಕಾಯಿತು. ಮೆಷಿನ್ ಸುಮ್ಮನೆ ಗುಂಯ್‌ಗುಟ್ಟುತ್ತಿತ್ತು. ಲೀಗಿನವರು ನಮ್ಮ ಹೆಸರುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ, ನಾವು ಅವನ್ನು ತಲೆಯ ಮೇಲೆ ಹೊತ್ತು ನಿಂತಿದ್ದೆವು. ಕೋಚ್ ಬಾಗಿಲಿಗೆ ಒರಗಿ ಮೂರು ತಲೆಗಳನ್ನೂ ಒಂದೊಂದಾಗಿ ನೋಡಿದರು. ನಿಯಮದ ಪುಸ್ತಕ ಅವರ ಮೇಜಿನ ಮೇಲೂ ಇದೆ. ಡಾಕ್ಟರಮ್ಮ ಬ್ಯಾಗಿನಲ್ಲಿ ಏನನ್ನೋ ಹುಡುಕುತ್ತಿದ್ದರು.

ಆಮೇಲೆ ಗ್ರೂಪ್ ಫೋಟೋ. ಇಪ್ಪತ್ತು ಬೋಳು, ಮೂರು ಕ್ರಾಪು, ನಡುವೆ ಮಾವ. ಫೋಟೋದವನು ಕೂದಲಿದ್ದವರು ಹಿಂದೆ ಹೋಗಿ ಎಂದ. ಹೋದೆವು. ಮೂವರೂ ಎತ್ತರ, ಕೂದಲು ಇನ್ನೂ ಚೆನ್ನಾಗಿ ಕಂಡಿತು.

ಅದೇ ದಿನ, ಸಂಜೆ 6.30

ಒಂದು–ಒಂದು, ಡ್ರಾ. ಎಪ್ಪತ್ತು ನಿಮಿಷ ಆಡಿದೆ. ಕಡ್ಡಿ ನನಗೆ ಒಂದು ಪಾಸನ್ನೂ ಕೊಡಲಿಲ್ಲ. ನಾನೂ ಕೇಳಲಿಲ್ಲ.

ಫೋಟೋ ಹಾಫ್‌ಟೈಮ್‌ನಲ್ಲೇ ಕ್ಲಬ್ಬಿನ ಪೇಜಿಗೆ ಹೋಗಿತ್ತು. ಸಾವಿರಾರು ಜನ ಮಾವನಿಗೆ ಶುಭ ಹಾರೈಸಿದ್ದಾರೆ. ಮಧ್ಯೆ ಯಾರೋ ಒಬ್ಬ: ಹಿಂದಿನ ಸಾಲಿನ ಆ ಮೂವರು ಯಾಕೆ ಹಾಗೆ? ಬಸ್ಸಿನಲ್ಲಿ ನಿರ್ಧಾರ ಮಾಡಿದೆ. ಇವಳಿಗೆ ಬೇರೆ ಯಾರೂ ಹೇಳುವುದು ಬೇಡ, ನಾನೇ ಹೇಳುತ್ತೇನೆ. ದಾರಿಯುದ್ದಕ್ಕೂ ವಾಕ್ಯ ಜೋಡಿಸಿದೆ. ಪಾರ್ಟಿಯಿಂದ ಶುರು ಮಾಡುವುದಾ, ಕ್ಷಮೆಯಿಂದಲಾ.

ಬಾಗಿಲು ತೆಗೆದಳು. ಕುಳಿತುಕೋ, ಸ್ವಲ್ಪ ಮಾತಾಡಬೇಕು ಎಂದೆ. ಅವಳು ಕುಳಿತುಕೊಳ್ಳಲಿಲ್ಲ. ಕೈಯಲ್ಲಿ ಫೋನ್, ಫೋನಿನಲ್ಲಿ ಫೋಟೋ. ಅಳುತ್ತಿರಲಿಲ್ಲ, ಸಿಟ್ಟೂ ಇರಲಿಲ್ಲ. ಕೇಂದ್ರದಿಂದ ಬಂದ ಸಂಜೆಗಳಲ್ಲಿ ಇರುವ ಮುಖ.

"ಎಷ್ಟನೇ ಸಲ?" ಎಂದಳು.

ಜೋಡಿಸಿಟ್ಟ ವಾಕ್ಯಗಳೆಲ್ಲ ಹೋದವು. ಮೊದಲನೇ ಸಲ, ಒಂದೇ ಒಂದು ಸಲ, ಇನ್ನು ಯಾವತ್ತೂ ಇಲ್ಲ ಎಂದೆ. ಹೇಳಿದ್ದು ನಿಜ. ಆದರೆ ಹೇಳುತ್ತಿದ್ದ ಹಾಗೇ ಕೇಳಿಸಿತು—ಅವಳ ತಮ್ಮ ಪ್ರತಿ ಸಲವೂ ಇದೇ ಮಾತನ್ನು, ಹೀಗೇ ಬಾಗಿಲಲ್ಲಿ ನಿಂತು ಹೇಳಿದ್ದಾನೆ.