ಸೊಂಟದ ಒಂದಿಂಚು

ಹನ್ನೆರಡು, ಮಂಗಳವಾರ.

ಪ್ಯಾಂಟು ಸಡಿಲವಾಗಿದೆ. ಮೂರು ತಿಂಗಳು ಬೆಳಿಗ್ಗೆ ಸೇತುವೆ ತನಕ ನಡೆದಿದ್ದಕ್ಕೆ ಸೊಂಟ ಇಳಿದಿದೆ ಅಂತ ನಾಲ್ಕು ದಿನದಿಂದ ಮನೆಯವಳು ಹೇಳುತ್ತಲೇ ಇದ್ದಾಳೆ. ಅಷ್ಟು ಹೊಗಳುವ ಹೆಂಗಸಲ್ಲ ಅವಳು. ನಲವತ್ತು ವರ್ಷ ದರ್ಜಿಯಾಗಿದ್ದೆ. ನಾನು ಹೊಲಿದ ಒಂದು ಕೋಟನ್ನೂ ಚೆನ್ನಾಗಿದೆ ಅಂದವಳಲ್ಲ.

ಇವತ್ತು ಡಾಕ್ಟರ ಹತ್ತಿರ ತೂಕದ ಮುಳ್ಳು ಹೋದ ತಿಂಗಳ ಜಾಗದಿಂದ ಕದಲಲಿಲ್ಲ. "ಸಕ್ಕರೆ ಹತೋಟಿಗೆ ಬರ್ತಿದೆ, ನಡೆಯೋದು ಮಾತ್ರ ಬಿಡಬೇಡಿ" ಅಂದರು. ಸರಿ, ತೂಕ ಅಲ್ಲೇ ಇದ್ದು ಸೊಂಟ ಎಲ್ಲಿಗೆ ಹೋಯಿತು?

ಮನೆಗೆ ಬಂದು ಪ್ಯಾಂಟಿನ ಒಳಮಗ್ಗುಲನ್ನು ಹೊರಗೆ ತಿರುವಿದೆ. ಹಿಂದಿನ ಹೊಲಿಗೆ ಬಿಚ್ಚಿ ಒಂದಿಂಚು ಸಡಿಲ ಬಿಟ್ಟಿದೆ. ದಾರದ ಕೊನೆಗೆ ಎರಡು ಗಂಟು. ನಾನು ಹಾಕುವುದು ಒಂದೇ. ಗುಂಡಿ ಹೊಲಿಯಲು ಕಲಿಸುವಾಗಲೇ ಅವಳಿಗೆ ಎರಡು ಬೇಡ ಅಂದಿದ್ದೆ, ಕೇಳಿದ್ದರೆ ತಾನೇ.

"ಏನದು, ಹಾಗೆ ತಿರುಗಿಸಿ ನೋಡ್ತಿದ್ದೀರಿ?" ಬಾಗಿಲಲ್ಲಿ ನಿಂತಿದ್ದಳು.

"ಜೇಬು ತೂತಾಗಿದೆಯಾ ಅಂತ."

"ಕೊಡಿ, ನಾನೇ ನೋಡ್ತೀನಿ" ಅಂತ ಕಿತ್ತುಕೊಂಡೇ ಹೋದಳು.

ಹೋದ ವಾರ ನಾನು, "ಏನೂ ಇಳಿದಿಲ್ಲ, ಇನ್ನು ವಾಕಿಂಗ್ ಸಾಕು" ಅಂದಿದ್ದೆ. ಅದಾಗಿ ಎರಡೇ ದಿನಕ್ಕೆ ಪ್ಯಾಂಟು ಸಡಿಲ. ದರ್ಜಿಗೇ ಅಳತೆಯಲ್ಲಿ ಮೋಸ.

ಬಾಯಿ ಬಿಡುವುದಿಲ್ಲ. ನಾಳೆಯಿಂದ ಸೇತುವೆ ದಾಟಿಯೇ ನಡೆಯುತ್ತೇನೆ. ಸೊಂಟ ನಿಜವಾಗಿಯೂ ಇಳಿದು, ಬಿಟ್ಟ ಒಂದಿಂಚನ್ನು ಅವಳೇ ಕದ್ದುಮುಚ್ಚಿ ಮತ್ತೆ ಒಳಗೆ ಹಿಡಿಯಬೇಕು, ಹಾಗೆ ಮಾಡುತ್ತೇನೆ.

ಆಗಲೂ ಎರಡು ಗಂಟೇ ಹಾಕುತ್ತಾಳೆ.