ಕೆಂಪು ಕೋಳಿಯ ಪಕ್ಷ

ಜಯಪಾಲಾ,

ಕ್ಯಾರಿಬಿಯನ್ ಕಡಲಿನ ಒಂದು ಪುಟ್ಟ ದ್ವೀಪದಲ್ಲಿ ಪ್ರಧಾನಿ ಯಾರಾಗಬೇಕೆಂದು ಮೊನ್ನೆ ನನ್ನನ್ನು ಕೇಳಿಯೇ ತೀರ್ಮಾನಿಸಿದರು ಮಾರಾಯ. ನಗಬೇಡ, ಸತ್ತವರು ನಗುವ ಕ್ರಮ ಇಲ್ಲ.

ಇಲ್ಲಿ ಗಲ್ಫಿನಲ್ಲಿ ನಮ್ಮ ರಾಸ್ ಅಲ್ ಖೋರ್ ಗ್ಯಾರೇಜಿನ ಪೈಂಟರ್ ಮಾರ್ಲನ್ ಆ ದ್ವೀಪದವ. ಅಲ್ಲಿ ಚುನಾವಣೆ. ಒಂದು ಪಕ್ಷದ ಗುರುತು ಕೆಂಪು ಕೋಳಿ, ಇನ್ನೊಂದರದ್ದು ಬಿಳಿ ಕೊಕ್ಕರೆ. ಕೋಳಿ ಅಂದಮೇಲೆ ನಾನು ಸುಮ್ಮನಿರುವುದುಂಟಾ? ಹುಂಜ ಕಾದಿಸಲು ಕೋಳಿ ಅಂಕಕ್ಕೆ ಹೋಗುವ ಮೊದಲು ನೀನು ನೋಡುತ್ತಿದ್ದ ಕುಕ್ಕುಟ ಪಂಚಾಂಗವನ್ನು ಮೊಬೈಲಿನಲ್ಲಿ ತೆಗೆದೆ. ಸೋಮವಾರ ಬಿಳಿಗೆ ಜಯ, ಮಂಗಳವಾರ ಕೆಂಪಿಗೆ. ಮತ ಎಣಿಕೆ ಮಂಗಳವಾರ ಬೆಳಿಗ್ಗೆ. ಮಾರ್ಲನ್ ಬೇಡ ಬೇಡ ಅಂದರೂ ಬಿಡದೆ ಕೆಂಪಿನ ಮೇಲೆ ಬಾಜಿ ಕಟ್ಟಿದೆ.

ಕೆಂಪು ಕೋಳಿಗೆ ಒಂದು ಸೀಟೂ ಬರಲಿಲ್ಲ. ಪಂಚಾಂಗ ತೋರಿಸಿ ಜಗಳಕ್ಕೆ ನಿಂತೆ. ಮಾರ್ಲನ್ ಹೊಟ್ಟೆ ಹಿಡಿದು ನಕ್ಕ. "ಅಂಕಲ್, ಖಲಾಸ್! ನಮ್ಮೂರಲ್ಲಿ ಇನ್ನೂ ಸೋಮವಾರ ರಾತ್ರಿ."

ನೀನಿದ್ದರೆ, "ಪೆದ್ದ, ಯಾವ ಊರಿನ ಸೂರ್ಯ ಅಂತ ಮೊದಲು ಕೇಳಬೇಕು" ಅನ್ನುತ್ತಿದ್ದೆ.

ಅವತ್ತಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ರೂಮಿನವರ ಹತ್ತಿರ ಬಾಜಿಯಲ್ಲಿ ನೂರು ದಿರಮ್ ಹೋಯಿತೆಂದೆ. ನಿನ್ನ ಹೆಂಡತಿ ಲೋಲಾಕ್ಷಿಗೆ ಫೋನಿನಲ್ಲಿ, ರಜೆ ಸಿಗಲಿಲ್ಲ ಅಂದೆ. "ಪರವಾಗಿಲ್ಲ ಅಣ್ಣ, ನಿಮ್ಮ ಕೆಲಸ ನಮಗೆ ಗೊತ್ತಿಲ್ವಾ" ಅಂದಳು. ರಜೆ ಸಿಕ್ಕಿತ್ತು ಮಾರಾಯ. ಭಾನುವಾರ ನಿನ್ನ ಬೊಜ್ಜ, ಉತ್ತರಕ್ರಿಯೆಯ ಊಟ. ಹೋದದ್ದು ಸಾವಿರದ ಐನೂರು ದಿರಮ್, ಮಂಗಳೂರಿನ ಟಿಕೇಟಿನ ಅಷ್ಟೂ ದುಡ್ಡು.